ತಪ್ಪಿನ ಕೇಕು

ಒಂದು ಕೈಯಲ್ಲಿ ಕೇಕಿನ ಡಬ್ಬಿ ಹಿಡಿದು, ಇನ್ನೊಂದು ಕೈಯಿಂದ ಚರ್ಚಿನ ಭಾರದ ಬಾಗಿಲನ್ನು ತಳ್ಳುತ್ತಿದ್ದ ಟೋರ್ಕಿಲ್‌ನನ್ನು ಸಿಸೆಲ್ ಹೊಸ್ತಿಲಲ್ಲೇ ತಡೆದಳು. ಒಳಗೆ ಅವಳ ತಾಯಿ ಬೋದಿಲ್‌ಳ ಬಿಳಿ ಶವಪೆಟ್ಟಿಗೆಯ ಮೇಲೆ ಹೂವು ಜೋಡಿಸಿ ಆಗಿತ್ತು.

"ಆಮೇಲೆ ಕಾಫಿ ಜೊತೆಗೆ ಬನ್ನು ಹೇಳಿದೀವಿ. ನೀವ್ಯಾಕೆ ಕೇಕ್ ತಂದ್ರಿ?"

"ಇದು ಕಾಫಿಗಲ್ಲಮ್ಮ. ತಪ್ಪಿನ ಕೇಕು."

ಬೋದಿಲ್ ಮತ್ತು ಟೋರ್ಕಿಲ್ ಜೊತೆಗೆ ಕೆಲಸ ಮಾಡುತ್ತಿದ್ದ ಒಡೆನ್ಸೆ ಊರಿನ ಪ್ರಯೋಗಾಲಯದಲ್ಲಿ ಯಾರು ಎಡವಟ್ಟು ಮಾಡಿದರೂ ಮರುದಿನ ಎಲ್ಲರಿಗೂ ಕೇಕು ತರಬೇಕು. ಟೋರ್ಕಿಲ್ ಮಾತ್ರ ಈವರೆಗೆ ಒಂದನ್ನೂ ತಂದವನಲ್ಲ.

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನಪ್ಪ!" ಎಂದ ಹಿಂದೆ ನಿಂತಿದ್ದ ಸಹೋದ್ಯೋಗಿ ಐನಾರ್.

ಸಿಸೆಲ್ ನಗಲಿಲ್ಲ. "ಅಮ್ಮ ಆಸ್ಪತ್ರೇಲಿ ದಿನಾ ಕೇಳ್ತಿದ್ಲು, ಟೋರ್ಕಿಲ್ ಒಪ್ಪಿದ್ನಾ ಅಂತ. ಆಗ ಎಲ್ಲಿದ್ರಿ?"

*

ಬೋದಿಲ್ ಜೀವಮಾನವೆಲ್ಲ ನೋಡಿದ್ದು ಗುಳ್ಳೆಗಳನ್ನು. ಜೀವವಿಲ್ಲದ, ಕೊಬ್ಬಿನ ತೆಳುಪೊರೆಯ, ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಗುಳ್ಳೆಗಳು. ಒಮ್ಮೆ ಅವು ಚೆಂಡಿನಂತಿದ್ದದ್ದು ಪೇರ್ ಹಣ್ಣಿನಂತಾದಾಗ, ತಾನು ಹಾಕಿದ ಪ್ರೊಟೀನಿನ ಮಹಿಮೆ ಎಂದು ಕುಣಿದಾಡಿದ್ದಳು. ಟೋರ್ಕಿಲ್ ಬಂದು ನೋಡಿದ.

"ಮುಚ್ಚಳ ಹಾಕೋದು ಮರೆತಿದೀಯ ಮಾರಾಯ್ತಿ."

ನೀರು ಆರಿ, ಹೊರಗಿನ ಸಕ್ಕರೆನೀರು ಗಟ್ಟಿಯಾಗಿ, ಗುಳ್ಳೆಯೊಳಗಿನ ನೀರನ್ನು ಎಳೆದುಕೊಂಡಿತ್ತು. ಸಡಿಲಾದ ಪೊರೆ ಆಕಾರ ಬದಲಿಸಿತ್ತು, ಅಷ್ಟೆ.

ಮರುದಿನ ಬೋದಿಲ್ ಸೇಬಿನ ಕೇಕು ತಂದು, ಟೋರ್ಕಿಲ್‌ನ ತಟ್ಟೆಗೆ ಎರಡು ತುಂಡು ಹಾಕಿದಳು. ಅವಳ ಮುಖದಲ್ಲಿ ಸೋಲಿನ ಕಳೆಯೇ ಇರಲಿಲ್ಲ. "ಪ್ರೊಟೀನ್ ಇಲ್ದೇನೇ ಆಕಾರ ಬದಲಾಯ್ತಲ್ಲೋ! ಹಾಗಾದ್ರೆ ಒಂದು ಗುಳ್ಳೆ ತಾನಾಗೇ ಎರಡು ಗುಳ್ಳೆನೂ ಆಗತ್ತೆ. ಪೊರೆಯ ಹೊರಮೈ ಒಳಮೈಗಿಂತ ಬೇರೆ ಇದ್ರೆ ಸಾಕು, ಅದೇ ಬಾಗಿ ನಡುವಿನ ಕುತ್ತಿಗೆ ಹಿಸುಕತ್ತೆ."

"ಕತ್ತರಿ ಇಲ್ದೆ ಕುತ್ತಿಗೆ ಕಡಿಯಲ್ಲ ಕಣೆ. ಜೀವಕೋಶದಲ್ಲಿ ಆ ಕೆಲಸಕ್ಕೇ ಅಂತ ಪ್ರೊಟೀನ್ ಇದೆ."

"ಕಡಿದ ದಿನ ಕೇಕ್ ನಿಂದು."

ಆಮೇಲೆ ಅವಳ ಗುಳ್ಳೆಗಳು ಎಷ್ಟೋ ಸಲ ಎರಡಾದವು. ಪ್ರತಿ ಸಲವೂ ಟೋರ್ಕಿಲ್‌ನದು ಒಂದೇ ರಾಗ: ಮೇಜು ಅಲುಗಾಡಿ ತುಂಡಾಗಿದೆ.

*

"ಎಲ್ಲಿದ್ದೆ ಅಂತಾನಾ? ಪ್ರಯೋಗಾಲಯದಲ್ಲಿ, ಅವಳ ಕುರ್ಚೀಲಿ ಕೂತಿದ್ದೆ," ಎಂದ ಟೋರ್ಕಿಲ್. "ಅಲುಗಾಡದ ಹಾಗೆ ಕಲ್ಲಿನ ಮೇಜು ಹಾಕ್ಸಿ, ಎಲ್ಲ ಮೊದಲಿಂದ ಮಾಡ್ದೆ. ಅವಳು ಕಣ್ಣು ಮುಚ್ಚೋಕೆ ಮುಂಚೆ ಹೋಗಿ ಹೇಳ್ಬೇಕು ಅಂತಿತ್ತು. ನಿನ್ನೆ ಆಯ್ತು, ಸಿಸೆಲ್. ನಿನ್ನೆ."

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ನಿಮ್ಮಮ್ಮನಿಗೇ ಸಮಾಧಾನಕ್ಕೆ ಅಂತ ಒಂದು ಮಾತು ಹೇಳಿದವನಲ್ಲ ನಾನು." ಫೋನು ತೆಗೆದು ಅವಳ ಮುಂದೆ ಹಿಡಿದ.

ಪೇರ್ ಹಣ್ಣಿನಂಥ ಗುಳ್ಳೆ ನಿಧಾನವಾಗಿ ಎರಡು ಚೆಂಡಾಯಿತು. ನಡುವಿನ ಕುತ್ತಿಗೆ ಕಂಡೂ ಕಾಣದಷ್ಟು ಸಣ್ಣದಾಯಿತು. ಆಮೇಲೆ ಅದು ಇರಲೇ ಇಲ್ಲ. ಎರಡೂ ತಮ್ಮ ಪಾಡಿಗೆ ತಾವು ತೇಲಿಹೋದವು.

"ಅಮ್ಮ ಹೇಳಿದ್ದೇ ಸರಿ," ಎಂದಳು ಸಿಸೆಲ್. ತಾಯಿ ಸತ್ತಮೇಲೆ ಅವಳು ಅತ್ತದ್ದು ಅದೇ ಮೊದಲು. "ಇನ್ನೊಂದ್ಸಲ ತೋರ್ಸಿ."

ತೋರಿಸಿದ.

ಪ್ರಾರ್ಥನೆಯುದ್ದಕ್ಕೂ ಡಬ್ಬಿ ಟೋರ್ಕಿಲ್‌ನ ತೊಡೆಯ ಮೇಲಿತ್ತು. ಪೆಟ್ಟಿಗೆ ಎತ್ತುವ ಹೊತ್ತಿಗೆ ಸಿಸೆಲ್ ಮುಂದಿನ ಹಿಡಿಕೆಯ ಬಳಿಯಿದ್ದ ಐನಾರ್‌ನನ್ನು ಹಿಂದಕ್ಕೆ ಕಳಿಸಿದಳು.

"ಟೋರ್ಕಿಲ್, ಬನ್ನಿ. ಇಲ್ಲಿ, ನನ್ನ ಜೊತೆ."

ಅವನು ಎದ್ದ. ಡಬ್ಬಿಯನ್ನು ನೆಲದ ಮೇಲಿಡಲು ಮನಸ್ಸಾಗದೆ ಸುತ್ತಮುತ್ತ ನೋಡಿದ. ಪಾದ್ರಿ ಕೈ ಚಾಚಿದ.

ಗಂಟೆ ಮೊಳಗತೊಡಗಿತು. ಬೋದಿಲ್‌ಳ ಪೆಟ್ಟಿಗೆಯ ಮುಂದೆ, ಕರಿಯ ನಿಲುವಂಗಿ ತೊಟ್ಟು ಕೊರಳಿಗೆ ನೆರಿಗೆಯ ಬಿಳಿಪಟ್ಟಿ ಕಟ್ಟಿದ ಪಾದ್ರಿ, ಕೇಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು ಬಿಸಿಲಿಗೆ ಬಂದ.