ಕಾರುಗಳಿಗೆ ಹೊಸ ಬಣ್ಣ

ವಾಡಿ ಜಂಕ್ಷನ್ನಿನಲ್ಲಿ ರೈಲು ಡಬ್ಬಿಗಳಿಗೆ ಬಣ್ಣ ಹಚ್ಚುವ ಅಂಬರಾಯನಿಗೆ ಮಕ್ಕಳಾಡುವ ಕಾರುಗಳ ಹುಚ್ಚು. ಹುಚ್ಚೆಂದರೆ ಹುಚ್ಚೇ, ಅದಕ್ಕೆ ಬೇರೆ ಹೆಸರಿಲ್ಲ. ಅರವತ್ತನೇ ಇಸವಿಯ ಸುಮಾರಿಗೆ ವಿಲಾಯತಿಗೆ ಹೊರಟ ಇಂಗ್ಲಿಷ್ ರೈಲು ಡ್ರೈವರೊಬ್ಬ ತನ್ನ ಮಗನ ಎರಕದ ಪುಟ್ಟ ಕಾರುಗಳನ್ನು ಇವನಿಗೆ ಕೊಟ್ಟುಹೋದದ್ದೇ ನೆಪ. ಆಮೇಲೆ ಗುಜರಿಯಲ್ಲಿ ಹುಡುಕಿ, ಕಂಡವರನ್ನು ಬೇಡಿ ಇನ್ನಷ್ಟು ಕೂಡಿಸಿದ. ಕ್ವಾರ್ಟರ್ಸಿನಲ್ಲಿ ಇದ್ದೊಂದು ಗೋಡೆಗೂಡು ಅವುಗಳಿಗೇ ಮೀಸಲಾಯಿತು. ಹೆಂಡತಿ ಅನಸುಬಾಯಿಗೆ ಹಿಟ್ಟಿನ ಡಬ್ಬಿ ಇಡಲು ಜಾಗವಿಲ್ಲ.

"ಮೀಸಿ ಬೆಳ್ಳಗಾದ್ರೂ ಆಟಿಗಿ ಸಾಮಾನ ಬಿಡಲಿಲ್ಲ ನೀವು. ಹುಚ್ಚ ಅಂತ ಓಣಿ ಮಂದಿ ನಗಲಿಕತ್ತಾರ," ಎನ್ನುವಳು.

"ಇವಕ್ಕ ಭಾಳ ಕಿಮ್ಮತ್ತದ. ನಿನಗೇನ ತಿಳೀತದ?" ಎನ್ನುವನು. ಎಷ್ಟು ಎಂದು ಕೇಳಿದರೆ ಮಾತ್ರ ಒಂದು ಕಾರೆತ್ತಿ ಒರೆಸತೊಡಗುವನು.

ಕೊನೆಗೆ ಅವಳೇ ಹಟ ಹಿಡಿದಳು. ಶಹಾಬಾದಿನಲ್ಲಿ ಗಡಿಯಾರದಂಗಡಿ ಇಟ್ಟ ಅಬ್ದುಲ್ ಕರೀಮ್ ಸಾಹೇಬರು ಮುಂಬಯಿಯ ಶೋಕಿದಾರರಿಗೆ ಇಂಥ ಹಳೆಯ ಕಾರುಗಳನ್ನು ಹುಡುಕಿ ಕಳಿಸುವವರು. ಅವರೇ ಬಂದು ನೋಡಲಿ. ಕಿಮ್ಮತ್ತಿದೆ ಎಂದರೆ ಇನ್ನು ಜನ್ಮದಲ್ಲಿ ಗಂಡನನ್ನು ಹುಚ್ಚ ಎನ್ನುವುದಿಲ್ಲ. ಇಲ್ಲವೆಂದರೆ ಗೂಡು ಖಾಲಿಯಾಗಬೇಕು. ಅಂಬರಾಯನೂ ಹೂಂ ಎಂದ.

ಸಾಹೇಬರು ಐತವಾರ ಬರುತ್ತೇನೆಂದು ಹೇಳಿಕಳಿಸಿದರು. ಅಂಬರಾಯನಿಗೆ ಗೊತ್ತಿದ್ದದ್ದು ರೈಲ್ವೆಯ ರಿವಾಜು ಒಂದೇ. ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಕಂಬಕ್ಕೆ ಬಣ್ಣ, ಬೆಂಕಿ ಬಕೆಟ್ಟಿಗೆ ಬಣ್ಣ, ಬೇವಿನ ಗಿಡದ ಬುಡಕ್ಕೂ ಸುಣ್ಣ! ಮಾಸಿದ್ದನ್ನು ತೋರಿಸಿದವನಿಗೆ ಬೈಗುಳ ತಪ್ಪಿದ್ದಿಲ್ಲ. ಶನಿವಾರ ರಜೆ ಹಾಕಿ ಕೂತು, ಅಷ್ಟೂ ಕಾರುಗಳ ಹಳೆಯ ಬಣ್ಣ ಕೆರೆದು ಹೊಸದು ಬಳಿದ. ಮದುಮಕ್ಕಳ ಹಾಗೆ ಮಿರಮಿರ ಮಿಂಚಿದವು.

ಸಾಹೇಬರು ಬಂದರು. ಒಂದು ಕಾರೆತ್ತಿ ಮೂಸಿದರು, ಕಣ್ಣಿಗೆ ಭೂತಗನ್ನಡಿಯ ಬಿಲ್ಲೆ ಸಿಕ್ಕಿಸಿ ತಳ ನೋಡಿದರು. "ಯಾ ಅಲ್ಲಾ! ಯಾರು ಮಾಡ್ಯಾರ ಇದು?"

"ನಾನೇ ರೀ," ಎಂದು ಅಂಬರಾಯ ಎದೆಯುಬ್ಬಿಸಿದ.

"ಕಾರ್ಖಾನಿ ಬಣ್ಣ ಮಾಸಿದ್ರೂ ಅದಕ್ಕೇ ಕಿಮ್ಮತ್ತು, ಅಂಬರಾಯ. ಮೊನ್ನಿ ಬಂದಿದ್ರ ಇವು ಬಂಗಾರ ಇದ್ವು. ಈಗ ಬರೇ ಆಟಿಗಿ."

ಅಂಬರಾಯ ಕಕ್ಕಾಬಿಕ್ಕಿ. "ಮಾಸಿದ್ದಕ್ಕ ಕಿಮ್ಮತ್ತು, ಹೊಸದಕ್ಕ ಇಲ್ಲಂದ್ರ ಹೆಂಗ್ರಿ ಅದು?" ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದ, ಪಾಪ. ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗಲಿಲ್ಲ. ಸಾಹೇಬರು ಚಹಾ ಕುಡಿದು, ಛೇ ಛೇ ಎನ್ನುತ್ತ ಎದ್ದುಹೋದರು.

ಮಾತೆಂದರೆ ಮಾತು. ಅಂಬರಾಯ ಚೀಲ ತಂದು ಗೂಡಿನ ಮುಂದೆ ನಿಂತ.

"ಅಲ್ಲ, ಈಗ ನಾ ಹುಚ್ಚನೋ ಶಾಣ್ಯಾನೋ? ನನಗೇ ತಿಳೀವಲ್ದು."

ಅನಸುಬಾಯಿ ಚೀಲ ಕಸಿದುಕೊಂಡಳು.

"ಮೊನ್ನಿ ತನಕಾ ಶಾಣ್ಯಾನೇ ಇದ್ರಿ," ಎಂದಳು. "ಹುಚ್ಚ ಹುಚ್ಚ ಅಂದು ನಿಮ್ಮ ಕೈಯಾಗ ಕುಂಚ ಕೊಟ್ಟಾಕಿ ನಾನು."