ಕೂದಲಿಲ್ಲದ ಕ್ಷೌರ

ಡ್ರಾಯರು ಎಳೆದವನು ಎಳೆದಂತೆಯೇ ನಿಂತುಬಿಟ್ಟ. ಒಳಗೆ ಅಪ್ಪನ ಕಾಲದ ಕತ್ತಿ ಮಡಚಿಕೊಂಡು ಮಲಗಿತ್ತು. ಆದರೆ ಅದರ ಹಿಡಿ ಗೋಡೆಯ ಕಡೆಗಿತ್ತು. ಕ್ಷೌರಿಕ ಅದನ್ನು ಯಾವತ್ತೂ ಹಿಡಿ ತನ್ನ ಕಡೆಗೆ ಬರುವ ಹಾಗೆ ಇಡುವವನು. ಪಕ್ಕದ ಮೊಳೆಯಲ್ಲಿದ್ದ ಹಳೇ ಬ್ರಶ್ಶನ್ನು ತೆಗೆದು ಕೆನ್ನೆಗೆ ಒತ್ತಿ ನೋಡಿದ. ಬುಡದಲ್ಲಿ ಇನ್ನೂ ತಣ್ಣಗೆ ಒದ್ದೆ. ಕತ್ತಿಯೂ ಬ್ರಶ್ಶೂ ಗಿರಾಕಿಗಳವಲ್ಲ, ಅವನ ಸ್ವಂತ ಗಡ್ಡಕ್ಕೆ ಮೀಸಲು. ಇವತ್ತು ಅವನು ಎರಡನ್ನೂ ಮುಟ್ಟಿರಲಿಲ್ಲ.

ಬೇಸಿನ್ನಿನ ಅಂಚಿನಲ್ಲಿ ನೊರೆ ಒಣಗಿದ ಬಿಳಿ ಗೆರೆಯಿತ್ತು. ಬಗ್ಗಿ, ನೀರು ಹೋಗುವ ತೂತಿನ ಸುತ್ತ ಬೆರಳಾಡಿಸಿ ನೋಡಿದ. ಒಂದೇ ಒಂದು ಕೂದಲಿಲ್ಲ.

ಹೋದ ವಾರವೂ ಹೀಗೇ ಆಗಿತ್ತು. ತಾನು ಮಧ್ಯಾಹ್ನ ಶಟರ್ ಎಳೆದು ಮಾಳಿಗೆಗೆ ಹೋಗಿ, ಉಂಡು, ಒಂದು ಕೋಳಿನಿದ್ದೆ ತೆಗೆದು ಇಳಿದು ಬರುವಷ್ಟರಲ್ಲಿ ಯಾರೋ ಇಲ್ಲಿ ಕ್ಷೌರ ಮಾಡಿಕೊಂಡು, ಇಲ್ಲವೇ ಮಾಡಿ, ಹೋಗುತ್ತಿದ್ದರು. ಆದರೆ ಕೂದಲಿಲ್ಲದ ಕ್ಷೌರ ಎಲ್ಲಾದರೂ ಉಂಟೇ? ಅವನು ಕತ್ತಿಯ ಅಲಗಿಗೆ ಹೆಬ್ಬೆರಳಿನ ಉಗುರು ತಾಗಿಸಿದ. ಮೊಂಡು. ಮೊನ್ನೆ ತಾನೇ ಕಲ್ಲಿಗೆ ಹಿಡಿದು, ಚರ್ಮದ ಪಟ್ಟಿಯ ಮೇಲೆ ಎಳೆದು ಹರಿತ ಮಾಡಿಟ್ಟಿದ್ದ. ಹತ್ತು ಜನ ಒರಟು ಗಡ್ಡದವರನ್ನು ಸಾಲಾಗಿ ಕೂರಿಸಿ ಬೋಳಿಸಿದ್ದರೆ ಮಾತ್ರ ಅಲಗು ಹೀಗೆ ಸಾಯುತ್ತದೆ. ಹಾಗೆ ಬೋಳಿಸಿಯೂ ಒಂದೆಳೆ ಉಳಿಯದಂತೆ ತೊಳೆದಿಡಬೇಕಾದರೆ ಅದು ಕಸುಬು ಬಲ್ಲ ಕೈಯೇ ಇರಬೇಕು.

ಶಟರಿಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ಅವನ ಸೊಂಟದಲ್ಲಿ. ಇನ್ನೊಂದು ಗುಂಗುರಣ್ಣನ ಹತ್ತಿರ.

ಗುಂಗುರಣ್ಣನ ತಲೆ ಈಗ ತೊಳೆದಿಟ್ಟ ತಟ್ಟೆ. ವಯಸ್ಸಿನಲ್ಲಿ ಗುಂಗುರು ಕೂದಲಿತ್ತಂತೆ, ಹೆಸರು ಮಾತ್ರ ಉದುರದೆ ಉಳಿದಿತ್ತು. ಕ್ಷೌರಿಕನ ಅಪ್ಪನ ಕಾಲದಿಂದಲೂ ಎರಡನೇ ಕುರ್ಚಿ ಅವನದು. ಕ್ಷೌರಿಕನಿಗೆ ಕತ್ತಿ ಹಿಡಿಯಲು ಕಲಿಸಿದವನೂ ಅವನೇ, ಊದಿದ ಬಲೂನಿಗೆ ನೊರೆ ಹಚ್ಚಿ ಕೊಟ್ಟು. "ಒಡೀಬಾರ್ದು ತಮ್ಮಾ, ಒಡೆದ್ರೆ ಗಿರಾಕಿ ಸತ್ತ ಅಂತ್ಲೇ ಲೆಕ್ಕ" ಎನ್ನುತ್ತಿದ್ದ.

"ಏನು, ಡ್ರಾಯರಲ್ಲಿ ಹಾವು ಕಂಡೋರ ಥರ ನಿಂತಿದೀಯ?" ಎನ್ನುತ್ತ ಈಗ ಅವನೇ ಒಳಗೆ ಬಂದು ಏಪ್ರನ್ನು ಕಟ್ಟಿಕೊಂಡ.

"ಏನಿಲ್ಲ" ಎಂದು ಕ್ಷೌರಿಕ ಡ್ರಾಯರು ಮುಚ್ಚಿದ. ಆದರೆ ಸಂಜೆಯವರೆಗೂ ಕನ್ನಡಿಯಲ್ಲಿ ಅವನ ಕಣ್ಣು ಗಿರಾಕಿಯ ಮುಖಕ್ಕಿಂತ ಹಿಂದಿನ ಕುರ್ಚಿಯ ಹತ್ತಿರ ಆಡುತ್ತಿದ್ದ ಆ ಮುದಿ ಕೈಗಳ ಮೇಲೇ ಇತ್ತು.

ಅನುಮಾನಕ್ಕೆ ಗಾಳಿ ಹಾಕಿದವನು ಪಕ್ಕದ ಬೀಗದ ಅಂಗಡಿಯವನು. ಎಲ್ಲರ ಮನೆಯ ಬಾಗಿಲೂ ತೆರೆಯಬಲ್ಲವನಾದ್ದರಿಂದ ಅವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. "ಹಿಂದಿನ ಬೀದೀಲಿ ಹೊಸ ಸಲೂನು ಎದ್ದೇಳ್ತಿದೆ, ನೋಡಿದ್ರಾ? ಗೋಡೆ ತುಂಬ ಕನ್ನಡಿ. ನಿಮ್ಮ ಗುಂಗುರು ಅದರ ಮುಂದೆ ನಿಂತು ಮಾತಾಡ್ತಿದ್ದ. ನಾನೇನೂ ಹೇಳಲ್ಲಪ್ಪ. ಕಂಡಿದ್ದು ಹೇಳ್ದೆ, ಅಷ್ಟೆ."

"ಅವನು ಅಂಥವನಲ್ಲ."

"ಬೀಗ ಮಾಡಿಸ್ಕೊಳ್ಳೋಕೆ ಬರೋರೆಲ್ಲ ಹೀಗೇ ಅಂತಾರೆ. ಅಂದ್ಕೊಂಡೇ ಬೀಗ ಮಾಡಿಸ್ಕೊಂಡು ಹೋಗ್ತಾರೆ."

ಮನೆಯಲ್ಲೂ ಅವನಿಗೆ ನೆಮ್ಮದಿಯಿರಲಿಲ್ಲ. ಅವಳಿ ಮಕ್ಕಳಿಬ್ಬರೂ ಅವನು ಮೆಟ್ಟಿಲು ಹತ್ತಿದ ಸದ್ದಾದರೆ ಸಾಕು, ಮಾತು ನುಂಗುತ್ತಿದ್ದರು. ಅಮ್ಮಿ ಒಂದೇ ವರ್ಷದಲ್ಲಿ ಬಿದಿರಿನ ಹಾಗೆ ಎದ್ದು ತಾಯಿಯ ಎತ್ತರಕ್ಕೆ ಬಂದಿದ್ದಳು. ಬಾಗಿಲು ದಡಾರನೆ ಹಾಕುವಳು, ಕರೆದರೆ ಸಿಡುಕುವಳು, ಬೀದಿಯಲ್ಲಿ ಮಾತ್ರ ಭುಜ ಮುದುಡಿ ಗೂನು ಹಾಕಿಕೊಂಡು ನಡೆಯುವಳು. ಪುಟ್ಟನೋ, ಹೆಸರಿಗೆ ತಕ್ಕ ಹಾಗೆ ಅಲ್ಲೇ ನಿಂತಿದ್ದ. ದನಿ ಒಡೆದಿಲ್ಲ, ಗಂಟಲಲ್ಲಿ ಗಂಟಿಲ್ಲ. ಮಧ್ಯಾಹ್ನದ ಹೊತ್ತಿಗೆಲ್ಲ ಶಾಲೆ ಮುಗಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

"ಏನೋ ಮುಚ್ಚಿಡ್ತಿದಾವೆ ಇವೆರಡೂ" ಎಂದ ಹೆಂಡತಿಯ ಹತ್ತಿರ.

"ಆ ವಯಸ್ಸಲ್ಲಿ ಮುಚ್ಚಿಡದೆ ಮತ್ಯಾವಾಗ ಮುಚ್ಚಿಡ್ತಾವೆ? ಸ್ಕೂಲಲ್ಲಿ ಟೀಚರ್ ಅಮ್ಮಂದಿರನ್ನೆಲ್ಲ ಕೂರಿಸ್ಕೊಂಡು ಹೇಳಿದ್ರು, ತಲೆಯೊಳಗೂ ಇನ್ನೂ ಕಟ್ಟೋ ಕೆಲಸ ನಡೀತಿರತ್ತಂತೆ. ಮೈ ಬೀದಿಗೆ ಓಡಿರತ್ತೆ, ಬುದ್ಧಿ ಇನ್ನೂ ಹೊಸ್ತಿಲಲ್ಲಿ ಚಪ್ಪಲಿ ಹುಡುಕ್ತಿರತ್ತೆ. ಸ್ವಲ್ಪ ತಡ್ಕೊಳ್ಳಿ."

"ಪುಟ್ಟನ ಮೈಯೂ ಹೊಸ್ತಿಲಲ್ಲೇ ಇದೆಯಲ್ಲ" ಎಂದು ಅವನು ನಕ್ಕ. ಹೆಂಡತಿ ನಗಲಿಲ್ಲ.

ರಜೆಯ ದಿನ ಬೆಳಿಗ್ಗೆ ಅಮ್ಮಿ ಪುಟ್ಟನನ್ನು ಕಟಿಂಗಿಗೆ ಎಳೆದುಕೊಂಡು ಬಂದಳು. ಅಂಗಡಿ ತುಂಬ ಜನ. ಕ್ಷೌರಿಕನ ಕುರ್ಚಿಯಲ್ಲಿ ತುಟಿಯ ಮೇಲೆ ಬೂದಿ ಸವರಿದಂಥ ಮೀಸೆಯ ಕಾಲೇಜು ಹುಡುಗನೊಬ್ಬ ಕೂತಿದ್ದ. "ಇದು ದಪ್ಪ ಆಗೋದು ಯಾವಾಗ?" ಎಂದು ಕೇಳಿದ.

"ಬಿಡದೆ ಬೋಳಿಸ್ತಾ ಇರು. ಬೋಳಿಸಿದಷ್ಟೂ ಹುಲ್ಲಿನ ಹಾಗೆ ಎದ್ದು ಬರತ್ತೆ." ಇದು ಕ್ಷೌರಿಕನ ಮಾಮೂಲಿ ಮಾತು. ಸುಳ್ಳೆಂದು ಅವನಿಗೂ ಗೊತ್ತಿತ್ತು. ಆದರೆ ಹಾಗೆಂದರೆ ಹುಡುಗರು ಖುಷಿಯಾಗಿ ಎದ್ದು ಹೋಗುತ್ತಿದ್ದರು, ಬೇಗನೆ ಮತ್ತೆ ಬರುತ್ತಿದ್ದರು.

ಪುಟ್ಟನ ಸರದಿ ಬಂದಾಗ ಅವನು ಮೂಲೆಯಿಂದ ಹಲಗೆ ತಂದು ಕುರ್ಚಿಯ ಕೈಗಳ ಮೇಲೆ ಅಡ್ಡ ಇಟ್ಟ. ಚಿಕ್ಕ ಮಕ್ಕಳನ್ನು ಕೂರಿಸುವ ಹಲಗೆ.

"ನಂಗೆ ಹಲಗೆ ಬೇಡ."

"ಹಲಗೆ ಇಲ್ದಿದ್ರೆ ನಿನ್ನ ತಲೆ ಎಲ್ಲಿದೆ ಅಂತ ಹುಡುಕ್ಲಿ? ಹತ್ತು."

"ಕುರ್ಚೀನೇ ಎತ್ತಬಹುದಲ್ಲ, ಪೆಡಲ್ ಇಲ್ವಾ?" ಎಂದ ಗುಂಗುರಣ್ಣ, ಯಾರದೋ ಕಿವಿಯ ಹಿಂದಿನಿಂದ ಕಣ್ಣು ತೆಗೆಯದೆ.

"ಅದು ಎಣ್ಣೆ ಸೋರತ್ತೆ. ಎತ್ತಿದಷ್ಟೂ ಕೂತ್ಕೊಳ್ಳತ್ತೆ."

ಪೇಪರು ಓದುತ್ತ ಕೂತಿದ್ದ ಗಿರಾಕಿ ತಲೆಯೆತ್ತಿದ. "ತಮ್ಮನ್ನ ಕರ್ಕೊಂಡು ಬಂದ್ಯಾ ಮಗಳೇ? ಎಷ್ಟನೇ ಕ್ಲಾಸು ಇವನು?"

ಅಮ್ಮಿ ಇದ್ದಕ್ಕಿದ್ದ ಹಾಗೆ ಗೂನಾದಳು. "ತಮ್ಮ ಅಲ್ಲ ಅಂಕಲ್. ನಾವಿಬ್ರೂ ಜೊತೇಲೇ ಹುಟ್ಟಿದ್ದು."

"ಹೌದಾ! ಹಾಗಾದ್ರೆ ಊಟ ಪೂರ್ತಿ ನೀನೊಬ್ಳೇ ಮಾಡ್ಬಿಟ್ಯಾ?"

ಅಂಗಡಿ ಗೊಳ್ಳೆಂದಿತು. ಕ್ಷೌರಿಕನೂ ನಕ್ಕ. ಕನ್ನಡಿಯಲ್ಲಿ ಪುಟ್ಟ, ಮುಖ ಕೆಂಪಗೆ ಮಾಡಿಕೊಂಡು ತನ್ನ ಮೂಗಿನ ಕೆಳಗೇ ನೋಡುತ್ತಿದ್ದ. ಗುಂಗುರಣ್ಣ ಮಾತ್ರ ಕತ್ತರಿ ನಿಲ್ಲಿಸಿ ನಿಂತಿದ್ದ. ಅದನ್ನೂ ಕ್ಷೌರಿಕ ಗಮನಿಸಿದ: ಇವನ್ಯಾಕೆ ನಗಲಿಲ್ಲ? ಮನಸ್ಸು ಆಗಲೇ ಹೊಸ ಸಲೂನಿಗೆ ಹೋಗಿದೆಯೋ?

ಮಾರನೆಯ ದಿನ ಊಟಕ್ಕೆ ಹೋಗುವ ಮುಂಚೆ ಅವನು ನೆಲದಿಂದ ಒಂದು ಉದ್ದ ಕೂದಲು ಆರಿಸಿ, ಸೋಪು ಸವರಿ, ಡ್ರಾಯರಿನ ಸಂದಿಗೆ ಅಡ್ಡಲಾಗಿ ಅಂಟಿಸಿದ. ನಿದ್ದೆ ಮುಗಿಸಿ ಇಳಿದಾಗ ಕೂದಲು ಕಳಚಿ ನೇತಾಡುತ್ತಿತ್ತು. ಶಟರು ಆಗಲೇ ಮೇಲಿತ್ತು. ಗುಂಗುರಣ್ಣ ಕಸ ಗುಡಿಸುತ್ತಿದ್ದ.

"ಕತ್ತಿ ಮುಟ್ಟಿದ್ಯಾರು?"

ಪೊರಕೆ ನಿಂತಿತು. ಗುಂಗುರಣ್ಣನ ಕಣ್ಣು ಒಂದು ಗಳಿಗೆ ಒಳಗಿನ ಮೆಟ್ಟಿಲ ಬಾಗಿಲ ಕಡೆ ಹೋಗಿ ತಿರುಗಿ ಬಂತು. "ನಾನೇ ಅಂತ ಇಟ್ಕೋ."

"ಇಟ್ಕೋ ಅಂದ್ರೇನು? ಯಾರನ್ನ ಕರೆಸಿ ಕೂರಿಸ್ತಿದೀಯ ಇಲ್ಲಿ? ಆ ಹೊಸ ಅಂಗಡಿಗೆ ಈಗ್ಲಿಂದಾನೇ ಗಿರಾಕಿ ಜೋಡಿಸ್ತಿದೀಯಾ? ಅದೂ ನಮ್ಮಪ್ಪನ ಕತ್ತೀಲಿ!"

ಮುದುಕ ಪೊರಕೆಯನ್ನು ಅದರ ಮೂಲೆಗೆ ಒರಗಿಸಿದ. ಏಪ್ರನ್ನು ಬಿಚ್ಚಿ ಮಡಚಿ ಕುರ್ಚಿಯ ಮೇಲಿಟ್ಟ, ಅದರ ಮೇಲೆ ಬೀಗದ ಕೈ. "ಬಲೂನು ಒಡೆದ್ಬಿಟ್ಯಲ್ಲ ತಮ್ಮಾ" ಎಂದು ಹೇಳಿ ಬೀದಿಗಿಳಿದ.

ಆ ಸಂಜೆ ಕ್ಷೌರಿಕ ಸಿಟ್ಟೆಲ್ಲ ಕೈಗೆ ತಂದುಕೊಂಡು ಕತ್ತಿ ಮಸೆದ. ಬೆರಳ ಮೇಲಿನ ರೋಮ ತಾಗಿದರೆ ಸಾಕು, ಹಾರಿ ಬೀಳುವಷ್ಟು ಹರಿತ. ಹಿಡಿ ತನ್ನ ಕಡೆ ಬರುವ ಹಾಗೆ ಇಟ್ಟ. ಇನ್ನು ಯಾರು ಮುಟ್ಟುತ್ತಾರೋ ನೋಡೋಣ ಎಂದುಕೊಂಡ.

ಆದರೂ ಮಲಗಿದಾಗ ಮುದುಕನ ಕಣ್ಣು ಹೋಗಿ ಬಂದ ದಾರಿ ನೆನಪಾಗುತ್ತಿತ್ತು. ಮೆಟ್ಟಿಲ ಬಾಗಿಲು. ಅದಕ್ಕೆ ಬೀಗವೇ ಇರಲಿಲ್ಲ. ಮನೆಯವರ ಬಾಗಿಲೆಂದು ಅದು ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಮಾರನೆಯ ಮಧ್ಯಾಹ್ನ ಅವನು ಊಟಕ್ಕೆ ಹೋಗಲಿಲ್ಲ. ಗಿರಾಕಿಯ ಮನೆಗೆ ಹೋಗಿ ಬರುವೆನೆಂದು ಹೆಂಡತಿಗೆ ಕೂಗಿ ಹೇಳಿ, ಶಟರನ್ನು ಒಳಗಿನಿಂದಲೇ ಎಳೆದು, ಟವೆಲುಗಳ ಕಪಾಟಿನ ಪರದೆಯ ಹಿಂದೆ ನಿಂತ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬರಿಗಾಲ ಸದ್ದಾಯಿತು. ಮುಂದೆ ಪುಟ್ಟ, ಹಿಂದೆ ಅಮ್ಮಿ.

ಪುಟ್ಟ ಮೂಲೆಯ ಹಲಗೆ ತಂದು ಸ್ಟೂಲಿನ ಮೇಲೆ ಹಾಕಿ ಅದರ ಮೇಲೆ ಹತ್ತಿ ನಿಂತ. ಈಗ ಅವನ ಮುಖ ಬೇಸಿನ್ನಿನ ಮೇಲಿನ ಕನ್ನಡಿಗೆ ಸರಿಯಾಗಿ ಬಂತು. ಬ್ರಶ್ಶು ಒದ್ದೆ ಮಾಡಿ ಸೋಪು ತಿರುವಿ ಮೂಗಿನ ಕೆಳಗಿಂದ ಕತ್ತಿನವರೆಗೂ ನೊರೆ ಬಳಿದುಕೊಂಡ, ಬೇಕಾದ್ದಕ್ಕಿಂತ ಹತ್ತು ಪಾಲು ಹೆಚ್ಚು.

"ಬೇಗ ಮುಗಿಸೋ. ನೀರು ಕುಡಿಯೋಕೆ ಅಮ್ಮ ಎದ್ರೆ ಕಥೆ ಮುಗೀತು."

"ಸುಮ್ನಿರೇ. ನಿಧಾನಕ್ಕೆ ಮಾಡಿದ್ರೇನೆ ಬುಡಕ್ಕೆ ತಾಗೋದು." ಅವನು ಕತ್ತಿ ಬಿಚ್ಚಿದ.

ಪರದೆಯ ಹಿಂದೆ ಕ್ಷೌರಿಕನ ಬಾಯಿ ತೆರೆದುಕೊಂಡಿತು. ಕೂಗಿದರೆ ಹುಡುಗ ಬೆಚ್ಚುತ್ತಾನೆ. ಬೆಚ್ಚಿದರೆ ಕೈ ಜಾರುತ್ತದೆ. ನಿನ್ನೆ ತಾನೇ ಮಸೆದ ಅಲಗು ಮಗನ ಗಂಟಲ ಪಕ್ಕದಲ್ಲಿ ಹೊಳೆಯುತ್ತಿತ್ತು. ಅವನು ಒಂದು ಟವೆಲನ್ನು ಬಾಯಿಗೆ ತುರುಕಿಕೊಂಡು ನಿಂತ. ಕತ್ತಿ ಕೆನ್ನೆಯಿಂದ ಇಳಿಯಿತು, ಗಲ್ಲದ ಕೆಳಗೆ ಹೋಯಿತು, ಅಲ್ಲಿ ತಡೆಯಿತು, ಮತ್ತೆ ಮೇಲೆ ಬಂತು. ನೊರೆ ಉಂಡೆಯುಂಡೆಯಾಗಿ ಬೇಸಿನ್ನಿಗೆ ಬಿತ್ತು. ಬಿಳೀ ನೊರೆ, ಕರಿಯ ಚುಕ್ಕೆಯೊಂದಿಲ್ಲದ್ದು.

"ಅಯ್ಯೋ, ರಕ್ತ!" ಎಂದಳು ಅಮ್ಮಿ.

"ಇವತ್ತು ಯಾಕೋ ಚುರುಕಿದೆ..." ತುಟಿಯ ಮೇಲೆ ಸಣ್ಣ ಕೆಂಪು ಗೆರೆ. ಅವನು ಕತ್ತಿ ಮಡಚಿಟ್ಟ. ಆಮೇಲೆ ಕ್ಷೌರಿಕನಿಗೆ ಉಸಿರು ಬಂತು. ಅಮ್ಮಿ ಓಡಿ ಪಟಿಕದ ತುಂಡು ತಂದು ಒತ್ತಿದಳು. ಒತ್ತುತ್ತಲೇ ಅಣ್ಣನೋ ತಮ್ಮನೋ ಆದ ಅವನ ಮುಖಕ್ಕೆ ಕಣ್ಣು ಹತ್ತಿರ ತಂದಳು. "ಇರು, ಇರು. ಇಲ್ಲೊಂದು ಬಂದಿದೆ ಅನ್ಸತ್ತೆ ಕಣೋ."

"ನಿಜವಾಗ್ಲೂ?"

ಅವಳು ಉಗುರಿನಿಂದ ಮುಟ್ಟಿದಳು. "...ಸೋಪು."

ಪುಟ್ಟ ಹಲಗೆಯ ಮೇಲೆ ನಿಂತೇ ಇದ್ದ. "ಬೋಳಿಸಿದಷ್ಟೂ ಬರತ್ತೆ ಅಂತ ಅಪ್ಪನೇ ಹೇಳೋದು. ಎಲ್ರಿಗೂ ಹೇಳ್ತಾರೆ. ನಂಗೊಬ್ನಿಗೇ ಯಾಕೆ ಬರಲ್ಲ?"

"ನಾನು ಬೇಕಾದ್ರೆ ಕೊಡ್ತೀನಿ ನನ್ನ ಎತ್ತರ. ಬಸ್ಸಲ್ಲಿ ಎಲ್ರೂ ನೋಡ್ತಾರೆ, ದರಿದ್ರ" ಎಂದು ಅಮ್ಮಿ ಹಲಗೆ ಎತ್ತಿ ಮೂಲೆಗಿಟ್ಟಳು.

ಅವರು ಮೇಲೆ ಹೋಗಿ ಎಷ್ಟೋ ಹೊತ್ತಾದ ಮೇಲೆ ಕ್ಷೌರಿಕ ಹೊರಗೆ ಬಂದ. ಕತ್ತಿಯ ಹಿಡಿ ಗೋಡೆಯ ಕಡೆಗಿತ್ತು. ಮಗ ಎಡಗೈಯವನೆಂಬುದು ಅವನಿಗೆ ಆಗ ನೆನಪಾಯಿತು.

ಗುಂಗುರಣ್ಣ ತನ್ನ ಮನೆಯ ಜಗಲಿಯಲ್ಲಿ ರೇಡಿಯೋ ಬಿಚ್ಚಿ ಹರಡಿಕೊಂಡು ಕೂತಿದ್ದ. ಕ್ಷೌರಿಕ ಎದುರಿಗೆ ನಿಂತ.

"ನಿನಗೆ ಗೊತ್ತಿತ್ತು."

"ಒಂದಿನ ಬೇಗ ಬಂದೆ. ಮುಖದ ತುಂಬ ನೊರೆ ಮಾಡ್ಕೊಂಡು ನಿಂತಿದ್ದ, ಪಾಪ. ನನ್ನ ಕೈ ಹಿಡ್ಕೊಂಡು ಹೇಳಬೇಡಿ ತಾತ ಅಂದ."

"ಗಂಟಲ ಹತ್ರ ಕತ್ತಿ ಗುಂಗುರಣ್ಣ! ಹೇಳೋದಲ್ವಾ ನನಗೆ?"

"ಬೇಡ ಅಂದ್ರೆ ಬಿಡ್ತಿದ್ನಾ? ಎಲ್ಲಾದ್ರೂ ಒಂದು ಬ್ಲೇಡು ತಗೊಂಡು ಬಚ್ಚಲಲ್ಲಿ ಸೇರ್ಕೋತಿದ್ದ. ಅದಕ್ಕೇ ದಿನಾ ಅಂಗಡಿ ಮುಚ್ಚೋವಾಗ ಅಲಗನ್ನ ಕಲ್ಲಿಗೆ ಉಜ್ಜಿ ಸಾಯಿಸಿ ಹೋಗ್ತಿದ್ದೆ. ನೀನು ಮಸೀತಿದ್ದೆ, ನಾನು ಸಾಯಿಸ್ತಿದ್ದೆ." ಮುದುಕ ಒಂದು ಸ್ಕ್ರೂ ಹುಡುಕಿ ಅಂಗೈಯಲ್ಲಿಟ್ಟುಕೊಂಡ. "ನಿನಗೆ ಹೇಳಿದ್ರೆ ಏನು ಮಾಡ್ತಿದ್ದೆ ಹೇಳು. ಬೈತಿರಲಿಲ್ಲ. ಅಂಗಡೀಲಿ ನಾಲ್ಕು ಜನರ ಮುಂದೆ ಹೇಳ್ಕೊಂಡು ನಗ್ತಿದ್ದೆ."

ಕ್ಷೌರಿಕ ಜಗಲಿಯ ಅಂಚಿಗೆ ಕೂತ.

"ನಿನ್ನೆ ಸಂಜೆ ನಾನೇ ಮಸೆದಿಟ್ಟೆ" ಎಂದ ಕೊನೆಗೆ.

ಗುಂಗುರಣ್ಣನ ಕೈ ನಿಂತಿತು. "ಹುಡುಗ?"

"ತುಟಿ ಮೇಲೆ ಸ್ವಲ್ಪ ಗೀರಿದೆ. ಅಷ್ಟೆ."

ಮುದುಕ ಸ್ಕ್ರೂವನ್ನು ಬದಿಗಿಟ್ಟು, "ಕಾಲೇಜು ಸೇರೋವರೆಗೂ ನಿನಗೇನಿತ್ತು ಮಹಾ? ಪೆನ್ಸಿಲ್ಲಲ್ಲಿ ಮೀಸೆ ಗೀಚ್ಕೊಂಡು ಸ್ಕೂಲಿಗೆ ಹೋಗಿದ್ದು ಮರೆತ್ಯಾ? ಬೆವರಿಗೆ ಕರಗಿ ಗಲ್ಲಕ್ಕಿಳಿದಿತ್ತು" ಎಂದ. ಕ್ಷೌರಿಕ ತಾನು ಮಡಚಿ ತಂದಿದ್ದ ಮುದುಕನ ಏಪ್ರನ್ನಿನ ಮಡಿಕೆಯಿಂದ ಬೀಗದ ಕೈ ತೆಗೆದು ರೇಡಿಯೋದ ಸ್ಕ್ರೂಗಳ ನಡುವೆ ಇಟ್ಟ.

ಆ ಸಂಜೆ ಮೊದಲ ಸಲ ಅವನು ಅಪ್ಪನ ಕತ್ತಿಯನ್ನು ಅಲಗು ಕೆಳಗಾಗಿ ಹಿಡಿದು ಕಲ್ಲಿನ ಮೇಲೆ ಎಳೆದ. ಆ ಸದ್ದಿಗೆ ಅವನ ಹಲ್ಲು ಜುಮ್ಮೆಂದಿತು. ಹಿಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಡ್ರಾಯರು ಮುಚ್ಚಿದ.

ಪುಟ್ಟನ ತಲೆ ಮತ್ತೆ ಕಾಡಾಗುವಷ್ಟರಲ್ಲಿ ತುಟಿಯ ಗೀರು ಮಾಸಿತ್ತು. ಅವನು ಒಳಗೆ ಬಂದಾಗ ಬೂದಿ ಮೀಸೆಯ ಹುಡುಗ ಕುರ್ಚಿಯಲ್ಲಿದ್ದ. "ಬೋಳಿಸಿ ಅಂಕಲ್, ಬೇಗ ಬರ್ಲಿ."

"ಬೋಳಿಸಿದ್ರೆ ಬೇಗ ಬರಲ್ಲ" ಎಂದ ಕ್ಷೌರಿಕ, ಅಂಗಡಿಗೆಲ್ಲ ಕೇಳುವಂತೆ.

"ಹೋದ ಸಲ ನೀವೇ ಹೇಳಿದ್ರಿ?"

"ಹೋದ ಸಲ ಸುಳ್ಳು ಹೇಳ್ದೆ. ಅದು ಬರೋವಾಗ ಬರತ್ತೆ. ನನಗೆ ಬಂದಿದ್ದು ಯಾವಾಗ ಅಂತ ಗುಂಗುರಣ್ಣನ್ನ ಕೇಳು."

"ಕೇಳಬೇಡ, ನಗು ಬರತ್ತೆ" ಎಂದ ಗುಂಗುರಣ್ಣ ಎರಡನೇ ಕುರ್ಚಿಯ ಹಿಂದಿನಿಂದ.

ಹುಡುಗ ಎದ್ದ ಮೇಲೆ ಪುಟ್ಟ ಮೂಲೆಯ ಕಡೆ ನೋಡಿದ. ಅಪ್ಪ ಹಲಗೆ ತರಲಿಲ್ಲ. ಕುರ್ಚಿಯ ಸೀಟು ಕೊಡವಿ, "ಕೂತ್ಕೋ" ಎಂದ. ಪುಟ್ಟ ಹಿಂದಕ್ಕೆ ಒರಗಿ, ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಚಾಚಿ ಕೂತ. ಕನ್ನಡಿಯಲ್ಲಿ ಅವನ ಮುಖ ಮೂಗಿನವರೆಗೆ ಮಾತ್ರ ಕಂಡಿತು. ಕ್ಷೌರಿಕ ಪೆಡಲ್ ತುಳಿದ. ಕುರ್ಚಿ ನರಳುತ್ತ ಮೇಲೆದ್ದಿತು. ಬಟ್ಟೆ ಹೊದಿಸಿ, ಬಾಚಣಿಗೆ ಎತ್ತಿಕೊಂಡು, ಹಿಂದಿನ ಕೂದಲಿಗೆ ಕತ್ತರಿ ಹಾಕಿದ. ಕುರ್ಚಿ ಗೊತ್ತಾಗದ ಹಾಗೆ ಕೆಳಗಿಳಿಯುತ್ತಿತ್ತು. ಮತ್ತೆ ತುಳಿದ. ಮತ್ತೆ ಇಳಿಯಿತು. ಬೆಂಚಿನ ಮೇಲಿದ್ದವರು ನೋಡುತ್ತಿದ್ದರು. ಯಾರೋ ಏನೋ ಹೇಳಲು ಬಾಯಿ ತೆರೆದು ಗುಂಗುರಣ್ಣನ ಮುಖ ನೋಡಿ ಸುಮ್ಮನಾದರು.

ಮೂರನೆಯ ಸಲ ಕ್ಷೌರಿಕ ಪೆಡಲಿಗೆ ಕಾಲು ಹಾಕಲಿಲ್ಲ. ಕಾಲಗಲಿಸಿ ನಿಂತು, ಸೊಂಟದ ಮೇಲೊಂದು ಕೈಯಿಟ್ಟುಕೊಂಡು, ಕುರ್ಚಿ ಇಳಿದಷ್ಟೂ ತಾನೂ ಬಗ್ಗುತ್ತ ಹೋದ.