ಬಲಕಿವಿಯ ಗೀರು

ನಾನು ಒಂದು ಗೀರು. ಕಾಗದದ ಮೇಲಿನದಲ್ಲ, ಗೋಡೆಯ ಮೇಲಿನದೂ ಅಲ್ಲ. ಒಬ್ಬ ಮನುಷ್ಯನ ಮುಖದ ಅಂಚಿನದು. ಲೋಕದಲ್ಲಿ ಎಲ್ಲರೂ ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂದು ಒದ್ದಾಡುತ್ತಾರೆ. ಯಾರಿಗೂ ಕಾಣದ ಹಾಗೆ ಬಾಳಬೇಕೆಂಬುದು ನನ್ನ ಜಾತಕ.

ಹುಟ್ಟುವ ಮೊದಲು ನಾನು ನೀಲಿ ಶಾಯಿಯ ಗೆರೆಯಾಗಿದ್ದೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಫ್ಲೇವಿಯಾ ಅವರು ದಾಮೋದರ ಶೆಟ್ಟಿಗಾರರನ್ನು ನೆಟ್ಟಗೆ ಕೂರಿಸಿ ಪೆನ್ನಿನಿಂದ ನನ್ನ ದಾರಿ ಬರೆದರು. ಮಲಗಿದರೆ ಕೆನ್ನೆ ಹಿಂದಕ್ಕೆ ಜಾರಿ ಪ್ರಾಯವನ್ನು ಮರೆಸುತ್ತದಂತೆ. ಕೂತಾಗಲೇ ಮುಖ ನಿಜ ಹೇಳುವುದು.

ಶೆಟ್ಟಿಗಾರರು ಯಕ್ಷಗಾನದ ಸ್ತ್ರೀವೇಷಧಾರಿ. ಪ್ರಾಯ ಐವತ್ತು ದಾಟಿತ್ತು. ಸೊಂಟ ಬಳುಕುತ್ತಿತ್ತು, ಮಾತು ಜೇನಿನಂತಿತ್ತು. ಕೆನ್ನೆ ಮಾತ್ರ ಗಲ್ಲದ ಕೆಳಗೆ ಇಳಿದಿತ್ತು. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯಂದು, ಮೇಳ ಗೆಜ್ಜೆ ಬಿಚ್ಚಿದಾಗ ಮೇಳದ ಯಜಮಾನರು ಅವರನ್ನು ಬದಿಗೆ ಕರೆದಿದ್ದರು. “ಮುಂದಿನ ತಿರುಗಾಟಕ್ಕೆ ರಾಜಮಾತೆ ಮಾಡಿ ಶೆಟ್ಟಿಗಾರ್ರೆ. ರಾಜಕುಮಾರಿಗೆ ಹುಡುಗರು ಉಂಟಲ್ಲ.” ಆ ಒಂದು ಮಾತಿನ ಹೊಟ್ಟೆಯಲ್ಲಿ ನಾನು ಹುಟ್ಟಿದೆ.

“ಗಂಡಸರಿಗೆ ಕಿವಿಯ ಮುಂದಿನ ಮಡಿಕೆಯಲ್ಲಿ ಗೆರೆ ಹಾಕ್ತೇವೆ,” ಎಂದರು ಡಾಕ್ಟರು. “ಹೆಂಗಸರಿಗಾದ್ರೆ ಕಿವಿಯ ಬಾಯಿಯ ಮುಂದಿರುವ ಈ ಗುಬುಟಿನ ಒಳಗೆ ಅಡಗಿಸ್ಲಿಕ್ಕಾಗ್ತದೆ. ಅದು ಕಾಣುದೇ ಇಲ್ಲ.”

“ನನಗೂ ಹೆಂಗಸರ ಗೆರೆಯೇ ಹಾಕಿ ಡಾಕ್ಟ್ರೆ.”

“ಹಾಗೆ ಮಾಡಿದ್ರೆ, ಕೆನ್ನೆ ಎಳೆದಾಗ ಗಡ್ಡದ ಚರ್ಮ ಗುಬುಟಿನ ಮೇಲೆ ಬಂದು ಕೂತ್ಕೊಳ್ತದೆ. ಕಿವಿಯ ಹಿಂದೆ ಹೇಗೂ ಬರ್ತದೆ. ಕಿವಿಯ ಸುತ್ತ ಗಡ್ಡ ಬೆಳೀತದೆ, ಆಲೋಚನೆ ಮಾಡಿ.”

“ಬೆಳೀಲಿ. ಬೋಳಿಸುದು ನನಗೆ ಹೊಸತಾ?”

ಡಾಕ್ಟರು ನಕ್ಕು ಬರೆದರು. ಕಿವಿಯ ಮೇಲಿನ ಕೂದಲೊಳಗೆ ನನ್ನ ತಲೆ. ಅಲ್ಲಿಂದ ಕಿವಿಯ ಬುಡ ಹಿಡಿದು ಇಳಿದು, ಗುಬುಟಿನ ಒಳಗೆ ನುಸುಳಿ, ಕಿವಿಯ ಹಾಲೆಯನ್ನು ಬಳಸಿ, ಹಿಂದಿನ ಮಡಿಕೆಯಲ್ಲಿ ಮೇಲೇರಿ, ಕತ್ತಿನ ಕೂದಲಲ್ಲಿ ಬಾಲ. ಮರುದಿನ ಚೂರಿ ಅದೇ ದಾರಿಯಲ್ಲಿ ನಡೆಯಿತು. ಕೆನ್ನೆಯನ್ನು ಎತ್ತಿ ಹಿಡಿಯುವ ಭಾರ ಒಳಗಿನ ಹೊಲಿಗೆಗೆ. ಹೊರಗಿನ ನಾನು ಒರಗಿಸಿಟ್ಟ ಬಾಗಿಲಿನ ಹಾಗೆ ಸುಮ್ಮನಿರಬೇಕು. ಎಳೆದರೆ ದಪ್ಪವಾಗುತ್ತೇನೆ.

ಎಡಕಿವಿಯಲ್ಲಿ ನನಗೊಬ್ಬ ಅವಳಿ ಹುಟ್ಟಿದ. ನಡುವೆ ಅಷ್ಟು ದೊಡ್ಡ ಮುಖ ಅಡ್ಡ ಇರುವುದರಿಂದ ನಾವು ಈವರೆಗೆ ಭೇಟಿಯಾಗಿಲ್ಲ. ನಮ್ಮಿಬ್ಬರ ಹಣೆಬರಹವೂ ಬೇರೆ. ಏಕೆಂದರೆ ಶೆಟ್ಟಿಗಾರರು ಮನೆಯಲ್ಲಿ ಹೆಂಡತಿಗೆ, “ಎಡಕಿವಿಯ ಬುಡದಲ್ಲಿ ಒಂದು ಗಂಟು, ತೆಗೀಬೇಕಂತೆ,” ಎಂದು ಹೇಳಿದ್ದರು. ಹೀಗಾಗಿ ಅವನು ಊರಿಗೆ ಗೊತ್ತಿರುವ ಗೀರು. ನಾನು ಲೆಕ್ಕಕ್ಕಿಲ್ಲದವನು.

ಹೆಂಡತಿ ಜಲಜಾಕ್ಷಿ. ಕೇರಿಯವರಿಗೆಲ್ಲ ಜಲಜಕ್ಕ. ಗಂಟು ಎಂಬ ಮಾತು ಕೇಳಿದ್ದೇ ಅವರಿಗೆ ಒಂದೇ ಯೋಚನೆ. ಕೆಟ್ಟ ಗಂಟಾದರೆ? ಅದರ ಹೆಸರು ಹೇಳಲೂ ಹೆದರಿ, ಗಂಡ ಪೂರ್ತಿ ಗುಣವಾಗುವವರೆಗೆ ಮಲ್ಲಿಗೆ ಮುಡಿಯುವುದಿಲ್ಲವೆಂದು ದೇವರ ಮುಂದೆ ಹೇಳಿಕೊಂಡರು. ಮದುವೆಯಾದಂದಿನಿಂದ ಒಂದು ಸಂಜೆಯೂ ಬರಿದಾಗಿರದ ಜಡೆ ಅದು. ತಲೆತುಂಬ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಶೆಟ್ಟಿಗಾರರು ಆ ಬೋಳು ಜಡೆಯನ್ನು ನೋಡಿ ಗೋಡೆಯ ಕಡೆ ತಿರುಗಿದರು. ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ವಾರದಲ್ಲಿ ಹೊಲಿಗೆ ಬಿಚ್ಚಿದರು. ನನ್ನ ಸುತ್ತ ಮರಗಟ್ಟಿತ್ತು, ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಕೆಲವು ತಿಂಗಳು ಕೆಂಪಗಿದ್ದು, ಆಮೇಲೆ ಮಾಸಿ, ವರ್ಷಕ್ಕೆ ಬಿಳಿಯ ನೂಲಾಗುತ್ತೇನೆಂದು ಡಾಕ್ಟರು ಹೇಳಿದ್ದರು. ಬಿಸಿಲು ಬೇಡ, ಬಣ್ಣ ಬೇಡ, ತಲೆಗೆ ಬಿಗಿಯುವುದಂತೂ ಬೇಡವೇ ಬೇಡ. ಮನೆಯಲ್ಲಿ ಶೆಟ್ಟಿಗಾರರು ಉದ್ದ ಕೂದಲನ್ನು ಬಲಗಡೆಗೆ ಇಳಿಬಿಟ್ಟು, ಎಡಗಡೆಯನ್ನು ಧಾರಾಳವಾಗಿ ತೋರಿಸುತ್ತ ಓಡಾಡಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನುಣುಪಾದ ಕೆನ್ನೆ ನೋಡಿ ಜಲಜಕ್ಕ ಮಾತ್ರ, “ಇನ್ನೂ ಬಾವು ಇಳೀಲಿಲ್ಲ ಅಲ್ವಾ,” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಎಲ್ಲ ಸರಿಹೋಗುತ್ತಿತ್ತು. ಅಷ್ಟರಲ್ಲಿ ಚಿಕ್ಕಮೇಳ ಬಂತು. ಮಳೆಗಾಲದಲ್ಲಿ ದೊಡ್ಡ ಆಟವಿಲ್ಲ. ಒಂದು ಗಂಡುವೇಷ, ಒಂದು ಹೆಣ್ಣುವೇಷ, ಜೊತೆಗೆ ಹಾಡುವವರು ಸಂಜೆ ಮನೆಮನೆಗೆ ಹೋಗಿ, ದೀಪ ಹಚ್ಚಿಟ್ಟ ಚಾವಡಿಯಲ್ಲಿ ಸ್ವಲ್ಪ ಹೊತ್ತು ಕುಣಿದು ಬರುತ್ತಾರೆ. “ನಮ್ಮ ತಂಡದ ಜೊತೆ ಬನ್ನಿ. ಮುಖ ನೋಡಿ ರಾಜಕುಮಾರಿಯ ತೀರ್ಮಾನ ಮಾಡುವ,” ಎಂದು ಯಜಮಾನರು ಫೋನ್ ಮಾಡಿದರು. ಆತುರಗಾರನಿಗೆ ಬುದ್ಧಿ ಮಟ್ಟ. ಕೆಂಪು ಇನ್ನೂ ಹಸಿಯಾಗಿರುವಾಗಲೇ ಶೆಟ್ಟಿಗಾರರು ನನ್ನ ಮೇಲೆ ಬಣ್ಣ ಬಳಿದರು. ತುರುಬು ನಿಲ್ಲಲು ತಲೆಯ ಸುತ್ತ ಪಟ್ಟಿ ಬಿಗಿದರು. ಅದರ ಗಂಟು ಬಿದ್ದದ್ದು ಬಲಕಿವಿಯ ಮೇಲ್ಗಡೆ, ನನ್ನ ನೆತ್ತಿಯ ಮೇಲೆಯೇ. ಮನೆಮನೆಯಲ್ಲೂ ಕುಣಿದ ಹಾಗೆಲ್ಲ ಅದು ನನ್ನನ್ನು ಎಳೆಯಿತು.

ರಂಗಸ್ಥಳದಲ್ಲಿ ನೋಡುವವರು ದೂರ. ಚಾವಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುತ್ತದೆ, ಮೇಲೆ ಟ್ಯೂಬ್‌ಲೈಟ್ ಬೇರೆ. ಒಂದು ಮನೆಯಲ್ಲಿ ಅಕ್ಕಿ, ತೆಂಗಿನಕಾಯಿ ತಂದಿಟ್ಟ ಅಜ್ಜಿಯೊಬ್ಬರು ಮುಖವನ್ನೇ ಇಣುಕಿ ನೋಡಿದರು. “ಚಂದ ಮಾಡಿದ್ರಿ. ಆದ್ರೆ ಕಿವಿಯ ಹತ್ರ ಎಂಥದು ಮಾರಾಯ್ರೆ, ಕೆಂಪು ಹುರಿಹಗ್ಗದ ಹಾಗೆ?”

“ಬಣ್ಣ ಅಜ್ಜಿ, ಬಣ್ಣ,” ಎಂದು ಶೆಟ್ಟಿಗಾರರು ರಾಜಕುಮಾರಿಯ ದನಿಯಲ್ಲಿ ಹೇಳಿ ಹೊರಗೆ ಬಂದರು.

ನಿಜವಾಗಿಯೂ ನಾನು ಉಬ್ಬಿದ್ದೆ, ಗಟ್ಟಿಯಾಗಿದ್ದೆ, ತುರಿಸುತ್ತಿದ್ದೆ. ಅಡಗಿರಬೇಕಾದವನು ಎದ್ದು ನಿಂತಿದ್ದೆ. ನನಗೆ ಅದರಲ್ಲಿ ಹೆಮ್ಮೆಯೇನೂ ಇರಲಿಲ್ಲ. ಡಾಕ್ಟರು ನೋಡಿ, “ನನ್ನ ಗೆರೆಯದ್ದು ತಪ್ಪಲ್ಲ, ನಿಮ್ಮ ಆತುರದ್ದು,” ಎಂದು ಗದರಿಸಿ ನನ್ನೊಳಗೆ ಔಷಧಿಯ ಸೂಜಿ ಚುಚ್ಚಿದರು. ಸಿಲಿಕೋನ್ ಪಟ್ಟಿ ಅಂಟಿಸಿದರು. ತಿಂಗಳು ತಿಂಗಳು ನಾನು ತಗ್ಗುತ್ತ ಬಂದೆ. ಅಷ್ಟರಲ್ಲಿ ಯಜಮಾನರು ರಾಜಕುಮಾರಿಯ ವೇಷವನ್ನು ಶೆಟ್ಟಿಗಾರರಿಗೇ ಕೊಟ್ಟಿದ್ದರು.

ಡಾಕ್ಟರು ಹೇಳಿದ್ದ ಗಡ್ಡವೂ ಬಂತು. ಗುಬುಟಿನ ಮೇಲಿನದನ್ನು ಕನ್ನಡಿಯಲ್ಲಿ ನೋಡಿ ಬೋಳಿಸಬಹುದು. ಕಿವಿಯ ಹಿಂದಿನದನ್ನು ನೋಡುವುದು ಹೇಗೆ? ಎಡಗಡೆಗೆ ಉಪಾಯವಿತ್ತು. “ಗಂಟು ತೆಗೆದ ಜಾಗ, ಹಾಗೆ ಬರ್ತದಂತೆ,” ಎಂದು ಹೇಳಿ ಜಲಜಕ್ಕನ ಮುಂದೆ ಸ್ಟೂಲಿನಲ್ಲಿ ಕೂತರು. ಆಕೆ ದೇವರ ಸಾಮಾನು ತೊಳೆಯುವ ಜಾಗ್ರತೆಯಲ್ಲಿ ಬೋಳಿಸಿದರು. ಬಲಗಡೆಗೆ ಬಚ್ಚಲ ಬಾಗಿಲು ಹಾಕಿಕೊಂಡು ತಡಕಾಡಬೇಕಿತ್ತು.

ಮೇಳ ಹೊರಡುವ ದಿನ ಬೆಳಿಗ್ಗೆ ಬ್ಲೇಡು ಜಾರಿತು. ನನ್ನ ಪಕ್ಕದಲ್ಲೇ ಕೊಯ್ದು ರಕ್ತ ಕುತ್ತಿಗೆಗೆ ಇಳಿಯಿತು. ಕೂಗು ಕೇಳಿ ಜಲಜಕ್ಕ ಬಾಗಿಲು ತಳ್ಳಿ ಒಳಗೆ ಬಂದರು. ಸೆರಗಿನಿಂದ ರಕ್ತ ಒತ್ತಿ ಹಿಡಿದು ಕೂದಲು ಸರಿಸಿದರು. ಹುಟ್ಟಿದ ಮೇಲೆ ಮೊದಲ ಸಲ ಆ ಮನೆಯಲ್ಲಿ ಒಬ್ಬರು ನನ್ನನ್ನು ನೋಡಿದರು.

“ಗಂಟು ಎಡಗಡೆ ಅಂದದ್ದಲ್ವಾ ನೀವು?”

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

“ಗಂಟೇ ಇರ್ಲಿಲ್ಲ,” ಎಂದರು ಶೆಟ್ಟಿಗಾರರು. “ಮುಖ ಎಳೆಸಿಕೊಂಡೆ. ವೇಷ ಹೋಗ್ತದೆ ಅಂತ ಹೆದರಿಕೆಯಾಯ್ತು.”

“ನನಗೆ ಹೆದರಿಕೆ ಆಗ್ಲಿಲ್ವಾ? ನೀವು ಸಾಯ್ತೀರಿ ಅಂತ ಗ್ರಹಿಸಿ ನಾನು ದಿನಾ ಸತ್ತೆ. ನನ್ನ ಬೋಳು ಜಡೆ ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?”

“ಬಿತ್ತು ಜಲಜಾ.”

ಆ ಉತ್ತರ ಆಕೆಯನ್ನು ಹೆಚ್ಚು ನೋಯಿಸಿತು. ಬ್ಲೇಡು ಆಕೆಯ ಕೈಯಲ್ಲಿತ್ತು. ನನಗೂ ಒಂದು ಗಳಿಗೆ ದಿಗಿಲಾಯಿತು. ಆಕೆ ಗಂಡನ ತಲೆ ಬಗ್ಗಿಸಿ, ಉಳಿದ ಗಡ್ಡವನ್ನು ಸೋಪಿನ ನೊರೆ ಹಚ್ಚಿ ನುಣ್ಣಗೆ ಬೋಳಿಸಿ, ತಣ್ಣೀರಲ್ಲಿ ಅದ್ದಿದ ಹೆಬ್ಬೆರಳಿನಿಂದ ನನ್ನ ಉದ್ದಕ್ಕೂ ಒರೆಸಿದರು. ತಿಂಗಳುಗಟ್ಟಲೆ ಮರಗಟ್ಟಿದ್ದ ನನಗೆ ಆ ತಂಪು ತಾಗಿತು. ಮುಟ್ಟಿಸಿಕೊಳ್ಳುವುದೆಂದರೆ ಏನೆಂದು ನನಗೆ ಅಂದು ತಿಳಿಯಿತು, ಸಂತೋಷವಾಯಿತು. ಅದೇ ಸಂಜೆ ಆಕೆ ಒಂದು ಚೆಂಡು ಮಲ್ಲಿಗೆ ತಂದು ಮುಡಿದರು. ಗಂಡನೊಡನೆ ಮಾತು ಮಾತ್ರ ಬಹಳ ದಿನ ಇರಲಿಲ್ಲ.

ರಾಜಕುಮಾರಿ ನಾಲ್ಕು ತಿರುಗಾಟ ಮೆರೆದಳು. ಆಮೇಲೆ ಕೆನ್ನೆ ಮತ್ತೆ ನಿಧಾನವಾಗಿ ಇಳಿಯಿತು. ಶೆಟ್ಟಿಗಾರರು ತಾವಾಗಿಯೇ ರಾಜಮಾತೆಯಾದರು, ಆಮೇಲೆ ಕಾಯಮ್ಮಾಗಿ ಗೆಜ್ಜೆ ಬಿಚ್ಚಿದರು. ನಾನು ಬಿಳಿಯ ನೂಲಾಗಿದ್ದೇನೆ. ನನ್ನ ಹಿಂದಿನ ಗಡ್ಡವೂ ಬಿಳಿ. ಬೋಳಿಸಲೇಬೇಕೆಂದು ಈಗ ಯಾರೂ ಹೇಳುವುದಿಲ್ಲ. ಆದರೂ ವಾರಕ್ಕೊಮ್ಮೆ ಜಗಲಿಯಲ್ಲಿ ಸ್ಟೂಲು ಬೀಳುತ್ತದೆ. ಬ್ಲೇಡು ಹಿಡಿದ ಜಲಜಕ್ಕ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಾರೆ.

“ಗಂಟು ಯಾವ ಕಡೆ?”

ಮೊದಮೊದಲು ಅದು ಮುಳ್ಳಿನ ಹಾಗಿತ್ತು. ಬರಬರುತ್ತ ತಮಾಷೆಯಾಯಿತು. ಶೆಟ್ಟಿಗಾರರು ಮಾತ್ರ ಉತ್ತರ ಕೊಡದೆ, ತಲೆ ತಗ್ಗಿಸಿ ಹಳೆಯ ಅಭ್ಯಾಸದಂತೆ ಎಡಕಿವಿಯನ್ನೇ ಮೊದಲು ಒಡ್ಡುತ್ತಿದ್ದರು. ಮೊನ್ನೆ ಸೋಪಿನ ನೊರೆ ಸಿದ್ಧವಾಗಿತ್ತು, ಮಲ್ಲಿಗೆಯ ವಾಸನೆ ಹತ್ತಿರ ಬಂದಿತ್ತು, ಪ್ರಶ್ನೆಯೂ ಬಂತು. ಅವರು ಬಲಗಡೆಯ ಕೂದಲನ್ನು ತಾವೇ ಎತ್ತಿ ಹಿಡಿದರು.

“ಈ ಕಡೆ,” ಎಂದರು. “ಇವತ್ತು ಇಲ್ಲಿಂದ ಸುರು ಮಾಡು.”